ಹಳದಿ ಚೀಟಿಯ ಇಂಗ್ಲಿಷು

ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಹೊದಿಕೆ ಬಿಡಲು ಮನಸ್ಸಾಗದ, ಬಿಸಿಲೇರಿದ ಮೇಲೆ ಹೊದಿಕೆಯ ಮುಖ ನೋಡಲೂ ಮನಸ್ಸಾಗದ ದಿನಗಳು. ಕೆಳಗಿನ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿರಲಿಲ್ಲ. ಅದು ಶುರುವಾಯಿತೆಂದರೆ ಮೇಲಿರುವ ನಮ್ಮ ಮನೆಯಲ್ಲಿ ಲೋಟ ನಡುಗುತ್ತದೆ, ಗೋಡೆ ಗಡಿಯಾರ ನಡುಗುತ್ತದೆ, ಉಳಿದಿರುವ ನನ್ನ ಹಲ್ಲುಗಳೂ ನಡುಗುತ್ತವೆ. ಆಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳುವ ಹಾಗಿಲ್ಲ. ಆದ್ದರಿಂದ ಮನೆಯ ಮುಖ್ಯ ಮಾತುಗಳೆಲ್ಲ ಅದಕ್ಕೆ ಮುಂಚೆಯೇ ಆಗಿಬಿಡಬೇಕು. ಅಂಥ ಹೊತ್ತಿನಲ್ಲಿ ನಮ್ಮ ಅಳಿಯಂದಿರು ಟೀ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಚಾವಣಿಯ ಕಡೆ ನೋಡಿ ಹೇಳಿದರು:

“ಟೀ ಇನ್ಸಿಪಿಡ್ ಆಗಿದೆ.”

ಒಲೆಯ ಮುಂದಿದ್ದ ನನ್ನ ಮಗಳು ತಿರುಗಿ ನೋಡಿದಳು. “ಏನಾಗಿದೆ?”

“ಇನ್ಸಿಪಿಡ್.”

“ಹಾಲು ಒಡೆದಿದೆಯಾ?”

“ಒಡೆದಿಲ್ಲ ಕಣೇ. ಇನ್ಸಿಪಿಡ್. ಅಂದ್ರೆ ಚಪ್ಪೆ.”

“ಚಪ್ಪೆ ಅನ್ನೋದಕ್ಕೆ ಅಷ್ಟು ದೂರ ಹೋಗಿ ಬರಬೇಕಿತ್ತಾ? ಸಕ್ಕರೆ ಡಬ್ಬ ನಿಮ್ಮ ಮೊಣಕೈ ಪಕ್ಕದಲ್ಲೇ ಇದೆ ರೀ.”

ಅಳಿಯಂದಿರು ನನ್ನ ಕಡೆ ತಿರುಗಿದರು. “ಮಾವ, ನೀವೇ ಹೇಳಿ. ಮೇಲೆ ಬರೋ ಮನುಷ್ಯನಿಗೆ ಮನೆಯವರ ಬೆಂಬಲ ಬೇಕೋ ಬೇಡವೋ?”

ನಾನು ‘ಹೂಂ’ ಅಂದೆ. ನಾನು ದುಡಿದಷ್ಟು ಕಾಲವೂ ಊರಿನ ನೀರಿನ ಟ್ಯಾಂಕು ಕಾದವನು. ಟ್ಯಾಂಕು ಮಾತಾಡುವುದಿಲ್ಲ, ಕಾಯುವವನೂ ಮಾತಾಡಬೇಕಾಗಿಲ್ಲ. ಓದಿದ್ದು ಮೂರನೇ ಕ್ಲಾಸು. ಅದೂ ಗಲಾಟೆ ಮಾಡದೆ ಕೂತಿರುತ್ತಾನೆ ಎಂಬ ಕರುಣೆಗೆ ಅಲ್ಲಿಯವರೆಗೆ ದಾಟಿಸಿದ್ದು. ನನ್ನ ಹೂಂ ಯಾರಿಗೆ ಸೇರಿತು ಎಂದು ಅವರಿಬ್ಬರೂ ಯೋಚಿಸುತ್ತಿರುವಾಗ ಗಿರಣಿ ಶುರುವಾಯಿತು.

ಇದಕ್ಕೆಲ್ಲ ಕಾರಣ ಇತ್ತು. ಅಳಿಯಂದಿರು ಕುರ್ಚಿ, ಮೇಜು, ಪರದೆ, ಮೈಕು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಗುಮಾಸ್ತರು. ಸಭೆ ಯಾರದೇ ಇರಲಿ, ಕೂರುವ ಕುರ್ಚಿ ಇವರದು. ಅಂಗಡಿಯ ಯಜಮಾನರು ನದಿಯಾಚೆ ಹೊಸ ಬಡಾವಣೆಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. “ಆ ಕಡೆ ಗಿರಾಕಿಗಳೆಲ್ಲ ಇಂಗ್ಲಿಷಿನವರು. ನಿಮ್ಮಲ್ಲಿ ಯಾರ ಇಂಗ್ಲಿಷು ಗಟ್ಟಿಯೋ ಅವರನ್ನ ಅಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂರಿಸ್ತೀನಿ” ಎಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದರು. ಆ ಅಂಗಡಿಯ ಹಿಂದೆ ಮನೆ. ಎರಡು ಕೋಣೆ, ಒಳಗೇ ನಲ್ಲಿ, ಕಿಟಕಿಯಾಚೆ ಮರ, ಕೆಳಗೆ ಬರೀ ನೆಲ. ನನ್ನ ಮಗಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ದಿನವೆಲ್ಲ ಯಂತ್ರದ ಸದ್ದು ಕೇಳಿ ಮನೆಗೆ ಬಂದರೆ ಮತ್ತೆ ಯಂತ್ರದ ಸದ್ದು. ಆ ಎರಡು ಕೋಣೆಯ ಮಾತು ಕೇಳಿದ ದಿನವೇ ಅವಳು ಕಿಟಕಿಗೆ ಪರದೆ ಹೊಲಿದಿಟ್ಟಳು. ಕಿಟಕಿಯ ಅಳತೆ ಗೊತ್ತಿಲ್ಲವಲ್ಲ ಎಂದಿದ್ದಕ್ಕೆ, “ದೊಡ್ಡದಾಗೇ ಹೊಲಿದಿದ್ದೀನಿ, ಹೆಚ್ಚಾದ್ರೆ ಮಡಿಸ್ತೀನಿ” ಅಂದಳು.

ಅಡ್ಡಿ ಎಂದರೆ ಒಂದೇ. ಯಜಮಾನರ ಹೆಂಡತಿಯ ತಮ್ಮನೂ ಅದೇ ಅಂಗಡಿಯಲ್ಲಿದ್ದ.

“ಬಾಮೈದ ಅಂದ್ಮೇಲೆ ಮುಗೀತಲ್ಲ, ಪರದೆ ಬಿಚ್ಚಿ ದಿಂಬಿಗೆ ಹಾಕ್ತೀನಿ” ಅಂದಳು ಮಗಳು.

“ಅವಸರ ಪಡಬೇಡ. ಅವನ ಇಂಗ್ಲಿಷು ನೀರು. ನಂದು ಕೆನೆ ಕಟ್ಟಿದ ಹಾಲು ಆಗಬೇಕು” ಎಂದು ಅಳಿಯಂದಿರು ರಸ್ತೆ ಬದಿಯ ಹಳೇ ಪುಸ್ತಕದ ರಾಶಿಯಿಂದ ದಿಂಬಿನಷ್ಟು ದಪ್ಪದ ಒಂದು ಪುಸ್ತಕ ತಂದರು. ಅದರ ತುಂಬ ಗಡುಸು ಗಡುಸು ಇಂಗ್ಲಿಷ್ ಪದಗಳು. ಮೊದಲ ಭಾಗ ಇಲಿಗಳ ಪಾಲಾಗಿದ್ದರಿಂದ ಅಳಿಯಂದಿರ ವಿದ್ಯೆ ಇಂಗ್ಲಿಷಿನ ಐದನೆಯ ಅಕ್ಷರದಿಂದ ಶುರುವಾಯಿತು. ಮೊದಲ ನಾಲ್ಕು ಅಕ್ಷರಗಳ ಪಾಂಡಿತ್ಯ ಇಂದಿಗೂ ಆ ಇಲಿಗಳಿಗೇ ಸಲ್ಲಬೇಕು.

ವಿದ್ಯೆ ಬಂದಮೇಲೆ ಪ್ರಯೋಗಿಸದೆ ಇರಲಾದೀತೆ? ಬೆಳಿಗ್ಗೆ ಹಾಲಿನವನಿಗೆ, “ಏನಯ್ಯಾ, ನಿನ್ನ ಹಾಲು ನೆಬ್ಯುಲಸ್ ಆಗಿದೆ” ಅಂದರು. ಹಾಲಿನವನ ಮುಖ ಬಿಳುಚಿತು. “ಇಲ್ಲ ಸಾರ್, ಅದನ್ನ ನಾನು ಹಾಕೋದೇ ಇಲ್ಲ. ನೀರು ಒಂದೇ ಸಾರ್ ಹಾಕೋದು.” ಮರುದಿನದಿಂದ ನಮ್ಮ ಮನೆಗೆ ಮಾತ್ರ ಗಟ್ಟಿ ಹಾಲು ಬಂತು.

ಎದುರುಮನೆಯ ಅಕ್ಕ ಬಟ್ಟೆ ಒಣಹಾಕುತ್ತಿರುವಾಗ, “ಅಕ್ಕ, ವಾಲ್ಯೂಮಿನಸ್!” ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಆಕೆ ಒದ್ದೆ ಬಟ್ಟೆ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. “ಅಜ್ಜ, ನಿಮ್ಮ ಅಳಿಯ ಅಂದಿದ್ದು ಹೊಗಳಿಕೆಯೋ ಬೈಗುಳವೋ?”

“ನಗ್ತಾ ಹೇಳಿದ್ರೋ ಸಿಟ್ಟಿನಲ್ಲಿ ಹೇಳಿದ್ರೋ?” ಎಂದು ಕೇಳಿದೆ.

“ನಗ್ತಾ.”

“ಹಾಗಾದ್ರೆ ಹೊಗಳಿಕೆ ಇರಬಹುದಮ್ಮ.”

ಸಂಜೆ ಒಂದು ತಟ್ಟೆ ಬಿಸ್ಕತ್ತು ಬಂತು. ಮರುದಿನ ಅಳಿಯಂದಿರು ಹಲ್ಲುನೋವಿನ ಮುಖ ಹೊತ್ತುಕೊಂಡು ಆಕೆಗೆ ಇನ್ನೊಂದು ಪದ ಹೇಳಿದರು. ಆಕೆ ಬಂದು ತಟ್ಟೆ ವಾಪಸು ತೆಗೆದುಕೊಂಡು ಹೋದಳು. ಉಳಿದ ಎರಡು ಬಿಸ್ಕತ್ತು ಸಮೇತ.

ಇಷ್ಟರಲ್ಲಿ ಗಿರಣಿ ತಿರುಗಿದಾಗಲೆಲ್ಲ ನಮ್ಮ ಮನೆಯ ದೀಪ ಕಣ್ಣು ಹೊಡೆಯಲು ಶುರುಮಾಡಿತು. ಮಗಳು ವಿದ್ಯುತ್ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದಳು. ಒಂದು ದಿನ ಅಳಿಯಂದಿರೇ ಹೊರಟರು. ಜೊತೆಗೆ ನನ್ನನ್ನೂ ಕರೆದುಕೊಂಡರು. ಅಲ್ಲಿಯ ಅಧಿಕಾರಿ ಕಿವಿಗೆ ಕಡ್ಡಿ ಹಾಕಿಕೊಂಡು ಕೂತಿದ್ದರು. ಅಳಿಯಂದಿರು ಮೇಜಿನ ಮೇಲೆ ಎರಡೂ ಕೈಯೂರಿ, “ಸರ್, ಅವರ್ ಲೂಮಿನಾಸಿಟಿ ಈಸ್ ಇಂಟರ್ಮಿಟೆಂಟ್” ಅಂದರು.

ಅಧಿಕಾರಿ ಕಡ್ಡಿ ತೆಗೆದರು. ಎದ್ದು ನಿಂತರು. ಕುರ್ಚಿ ಎಳೆದು ಕೊಟ್ಟರು. “ತಾವು... ಹೆಡ್ ಆಫೀಸಿನಿಂದ?” ಎಂದು ಕೇಳಿ, ಉತ್ತರ ಬರುವ ಮೊದಲೇ ಲೈನ್‌ಮನ್ನನ್ನು ಕೂಗಿದರು. ನಾವು ಮನೆ ಮುಟ್ಟುವಷ್ಟರಲ್ಲಿ ಅವನು ನಮ್ಮ ಕಂಬದ ಮೇಲಿದ್ದ. ಆವತ್ತು ಮೊದಲ ಸಲ ನನ್ನ ಮಗಳಿಗೆ ಇಂಗ್ಲಿಷಿನ ಮೇಲೆ ಭಕ್ತಿ ಬಂತು. ಕಿಟಕಿ ಪರದೆಯನ್ನು ಮತ್ತೆ ಹೊರತೆಗೆದು ಇಸ್ತ್ರಿ ಮಾಡಿದಳು.

ಆದರೆ ಪದಗಳು ಅಳಿಯಂದಿರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹತ್ತಿದ್ದು ಸಂಜೆಗೆ ಇಳಿದುಹೋಗುತ್ತಿತ್ತು. ‘ಪದವನ್ನು ಕಣ್ಣೆದುರಿನ ವಸ್ತುವಿಗೆ ಕಟ್ಟಿಹಾಕಿ’ ಎಂದು ಪುಸ್ತಕದಲ್ಲಿತ್ತಂತೆ. ಅಂಗಡಿಯಿಂದ ಹಳದಿ ಚೀಟಿಗಳ ಕಟ್ಟೊಂದನ್ನು ತಂದರು. ಹಿಂಬದಿಗೆ ಅಂಟು ಮೊದಲೇ ಬಳಿದಿರುವ ಚೀಟಿಗಳು, ನಾಲಿಗೆ ಸೋಕಿಸಿದರೆ ಸಾಕು. ಮನೆಯ ಒಂದೊಂದು ಸಾಮಾನಿಗೂ ಒಂದೊಂದು ಪದ ಬರೆದು ಅಂಟಿಸಿದರು. ಕನ್ನಡಿಗೆ ಇವಾನೆಸೆಂಟ್, ಅದರಲ್ಲಿ ಕಂಡದ್ದು ನಿಲ್ಲುವುದಿಲ್ಲ ಎಂದು. ಒಲೆಗೆ ಇನ್‌ಕ್ಯಾಂಡಿಸೆಂಟ್. ತಿಳಿನೀರಿನ ಬಕೆಟ್ಟಿಗೆ ಪೆಲ್ಯೂಸಿಡ್. ನಿದ್ದೆ ಬರಿಸುವ ದಿಂಬಿಗೆ ಸೊಪೊರಿಫಿಕ್. ಗಡಿಯಾರಕ್ಕೆ ಇರ್ರಿಟ್ರೀವಬಲ್, ಹೋದದ್ದು ಮತ್ತೆ ಸಿಗದು ಎಂದು. ಪೊರಕೆಗೆ ಮೆಟಿಕ್ಯುಲಸ್. ಒಂದು ಕಾಲು ಸಡಿಲವಾಗಿದ್ದ ಸ್ಟೂಲಿಗೆ ಪ್ರಿಕೇರಿಯಸ್. ನನ್ನ ಮಂಚಕ್ಕೂ ಏನೋ ಒಂದು. ಒಂದು ಚೀಟಿ ಹಿಡಿದು ನನ್ನ ಮಗಳ ಬೆನ್ನ ಹಿಂದೆಯೂ ಹೋಗಿದ್ದರು. ಅದರ ಅರ್ಥ ‘ಗಂಟಲು ದೊಡ್ಡದು’ ಎಂದು ಆಕೆಗೆ ಹೇಗೋ ಗೊತ್ತಾಗಿ, ಅಳಿಯಂದಿರು ಆ ರಾತ್ರಿ ಬ್ರೆಡ್ಡು ತಿಂದು ಮಲಗಿದರು.

ಈಗ ಆ ಹಳದಿ ಚೀಟಿಯ ವಿಷಯ ಹೇಳಬೇಕು. ಬಾಡಿಗೆ ಅಂಗಡಿಯ ಗೋದಾಮಿನಲ್ಲಿ ಒಂದು ಕಾನೂನು ಇತ್ತು: ‘ಹಳದಿ ಚೀಟಿ ಇದ್ದದ್ದು ಗಾಡಿಗೆ, ಇಲ್ಲದ್ದು ಗೋಡೆಗೆ.’ ಸಾಮಾನು ಹೊರುವ ಇಬ್ಬರಿಗೂ ಅಕ್ಷರ ಬಾರದು. ಒಬ್ಬನನ್ನು ಕ್ರೇನ್ ಎನ್ನುತ್ತಿದ್ದರು, ಕಬ್ಬಿಣದ ಬೀರುವನ್ನು ಒಬ್ಬನೇ ಎತ್ತುತ್ತಿದ್ದ. ಅವನ ಹಿಂದೆಯೇ ತಿರುಗುತ್ತಿದ್ದ ಇನ್ನೊಬ್ಬ ಬಾಲ. ಚೀಟಿಯಲ್ಲಿ ಏನು ಬರೆದಿದೆ ಎಂಬುದು ಅವರಿಗೆ ಬೇಡ. ಚೀಟಿ ಕಂಡರೆ ಎತ್ತುತ್ತಾರೆ. ಒಮ್ಮೆ ಬಾಮೈದ ತಮಾಷೆಗೆ ಯಜಮಾನರ ಕುರ್ಚಿಗೇ ಚೀಟಿ ಅಂಟಿಸಿದ್ದ. ಯಜಮಾನರು ಕೈತೊಳೆದು ಬರುವಷ್ಟರಲ್ಲಿ ಕುರ್ಚಿ ಯಾವುದೋ ಸಭೆಗೆ ಹೋಗಿತ್ತು. ಸಂಜೆವರೆಗೂ ನಿಂತೇ ವ್ಯಾಪಾರ ಮಾಡಿದರಂತೆ.

ಅಳಿಯಂದಿರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಗೋದಾಮು ಗೋದಾಮು, ಮನೆ ಮನೆ ಎಂದುಕೊಂಡಿದ್ದರು.

ಇದರ ಮೇಲೆ ಇನ್ನೊಂದು ಕೆಲಸ ಮಾಡಿದರು. ಅಂಗಡಿಯಲ್ಲಿ ಒಂದು ಪೋಡಿಯಂ ಇತ್ತು, ಹಿಂದೆ ನಿಂತು ಭಾಷಣ ಮಾಡುವ ಮರದ ಪೀಠ. ಪಾಲಿಶ್ ಮಾಡಿಸುತ್ತೇನೆ ಎಂದು ಅದನ್ನು ಮನೆಗೆ ತಂದಿಟ್ಟುಕೊಂಡು, ಅದರ ಹಿಂದೆ ನಿಂತು ನನ್ನ ಮುಂದೆ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದರು. ಅದಕ್ಕೂ ಒಂದು ಚೀಟಿ ಅಂಟಿತ್ತು, ಲೊಕ್ವೇಷಸ್, ವಾಚಾಳಿ ಎಂದು.

ಆ ಶನಿವಾರ ಇಂಗ್ಲಿಷ್ ಮೇಷ್ಟರುಗಳ ಸಂಘದ ವರ್ಷದ ಸಭೆ. ಅವರಿಗೆ ಕುರ್ಚಿಯ ಜೊತೆ ಪೋಡಿಯಂ ಬೇಕೆಂದಾಗ ಯಜಮಾನರು ಹುಡುಕಿಸಿದರು. ಅಳಿಯಂದಿರು ಬೆವರೊರೆಸಿಕೊಂಡು ಕ್ರೇನ್‌ಗೆ ಮೆಲ್ಲಗೆ ಹೇಳಿದರಂತೆ: “ಪಾಲಿಶ್ ಆಗಿ ನಮ್ಮನೇಲಿದೆ ಕಣಯ್ಯ. ಚೀಟಿ ಅಂಟಿಸಿದ್ದೀನಿ. ತಗೊಂಡು ನೇರ ಸಭಾಭವನಕ್ಕೆ ಹೋಗಿ ಇಳಿಸಿಬಿಡು.”

ಮಗಳು ಕಾರ್ಖಾನೆಗೆ ಹೋಗಿದ್ದಳು. ಊಟ ಮುಗಿಸಿ ಮಂಚದ ಮೇಲೆ ಒರಗಿದ್ದೆ. ಬಾಗಿಲಲ್ಲಿ ಬೆಳಕು ಮರೆಯಾಯಿತು. ನೋಡಿದರೆ ಕ್ರೇನ್.

“ಅಜ್ಜ, ಡಿಕ್ಷನರಿ ಸಾರ್ ಹೇಳಿ ಕಳಿಸಿದ್ರು. ಚೀಟಿ ಅಂಟಿಸಿದ್ದು ಎಲ್ಲಿದೆ?”

“ಎಲ್ಲಾ ಕಡೆ ಇದೆಯಪ್ಪ.”

ಕ್ರೇನ್ ಒಳಗೆ ಬಂದು ಸುತ್ತಲೂ ನೋಡಿದ. ಒಲೆ ನೋಡಿದ, ಕನ್ನಡಿ ನೋಡಿದ, ಬಕೆಟ್ಟು ನೋಡಿದ. ದೊಡ್ಡದೊಂದು ಉಸಿರು ಬಿಟ್ಟ. “ಬಾಲ, ಚಿಕ್ಕ ಗಾಡಿ ತಂದ್ವಲ್ಲೋ.”

ನನಗೆ ಮಾತ್ರ ಎದೆ ತುಂಬಿಬಂತು. ಅಂತೂ ಕೆಲಸ ಆಯಿತು! ನದಿಯಾಚೆಯ ಎರಡು ಕೋಣೆ ಸಿಕ್ಕಿತು! ಸುದ್ದಿ ಬಂದ ದಿನವೇ ಸಾಮಾನು ಸಾಗಿಸಿಬಿಡಬೇಕು, ಒಂದು ರಾತ್ರಿಯೂ ಈ ಗಿರಣಿಯ ಮೇಲೆ ಮಲಗುವುದಿಲ್ಲ ಎಂದು ಮಗಳು ಹೇಳುತ್ತಲೇ ಇದ್ದಳು. ಹೇಳಿದ ಹಾಗೆ ಮಾಡಿದಳು ಎಂದುಕೊಂಡೆ. ಸಂತೋಷಕ್ಕೆ ಮಾತು ಯಾಕೆ? ಸುಮ್ಮನೆ ಕಾಲು ಮಡಿಸಿಕೊಂಡು ದಾರಿ ಬಿಟ್ಟೆ.

ಒಂದೊಂದಾಗಿ ಎಲ್ಲ ಇಳಿಯಿತು. ಕೊನೆಗೆ ನನ್ನ ಮಂಚದ ಹತ್ತಿರ ಬಂದರು. ಬಾಲ ನನ್ನ ಅಂಗಿಯ ಜೇಬನ್ನೇ ನೋಡಿದ. “ಅಣ್ಣ, ಅಜ್ಜನ ಮೇಲೂ ಇದೆ.”

ಇತ್ತು. ಅಳಿಯಂದಿರು ಬೆಳಿಗ್ಗೆಯೇ ಅಂಟಿಸಿ ಹೋಗಿದ್ದರು. ಟ್ಯಾಸಿಟರ್ನ್. ಮಾತು ಕಡಿಮೆಯವನು ಎಂದು ಅರ್ಥವಂತೆ.

“ಯಾರು ಅಜ್ಜ ಅಂಟಿಸಿದ್ದು?” ಕ್ರೇನ್ ಕೇಳಿದ.

“ಅಳಿಯಂದಿರೇ.”

“ಹಾಗಾದ್ರೆ ನೀವೂ ಲೆಕ್ಕಕ್ಕೆ ಸೇರಿದ್ರಿ. ಏಳಬೇಡಿ. ಮಂಚದ ಮೇಲೂ ಚೀಟಿ, ನಿಮ್ಮ ಮೇಲೂ ಚೀಟಿ. ಎರಡು ಸಲ ಯಾಕೆ ಹತ್ತಿ ಇಳಿಯೋದು?”

ನನಗೆ ಮೊಣಕಾಲು ನೋವು. ಮೆಟ್ಟಿಲೆಂದರೆ ಶತ್ರು. ಕೂತಲ್ಲಿಂದ ಎತ್ತಿಸಿಕೊಂಡು ಹೋಗುವ ಅಳಿಯ ಯಾರಿಗುಂಟು ಎಂದು ಕಣ್ಣು ಒದ್ದೆಯಾಯಿತು. “ಅಜ್ಜ, ತೂಕ ಬಿಡಬೇಡಿ!” ಎಂದು ಕ್ರೇನ್ ಕೂಗುತ್ತಲೇ ಇದ್ದ. ಬಿಡದೆ ಹಿಡಿದುಕೊಂಡಿದ್ದೆ.

ಗದ್ದಲ ಕೇಳಿ ಎದುರುಮನೆಯ ಅಕ್ಕ ಹೊರಬಂದಳು. “ಅಯ್ಯೋ, ಏನು ಅಜ್ಜ ಇದು! ಹೇಳ್ದೆ ಕೇಳ್ದೆ ಮನೆ ಬಿಟ್ಟು ಹೊರಟ್ರಾ?”

“ಹೌದಮ್ಮ. ನದಿಯಾಚೆ ಎರಡು ಕೋಣೆ.”

“ಒಂದು ಮಾತು ಹೇಳಬಾರದಿತ್ತಾ? ದಿನಾ ಅಷ್ಟೊಂದು ಇಂಗ್ಲಿಷು ಹೇಳೋರು, ಇದೊಂದು ಕನ್ನಡ ಹೇಳೋಕಾಗ್ಲಿಲ್ವಾ!” ಎನ್ನುತ್ತ ನೇರ ಕೆಳಗೆ ಗಿರಣಿಗೆ ಓಡಿದಳು. ಗಿರಣಿಯವರೇ ನಮ್ಮ ಮನೆಯ ಮಾಲೀಕರು. ಮೂಟೆ ಇಡಲು ಜಾಗವಿಲ್ಲವೆಂದು ನಾವು ಯಾವಾಗ ತೊಲಗುತ್ತೇವೋ ಎಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವರು. ನಮ್ಮ ಗಾಡಿ ಬೀದಿಯ ತಿರುವು ದಾಟುವ ಮೊದಲೇ ಹಿಂದೆ ಮೆಟ್ಟಿಲ ಮೇಲೆ ಮೂಟೆ ಹತ್ತುತ್ತಿತ್ತು.

ಗಾಡಿ ತುಂಬಿದ್ದರಿಂದ ನನ್ನ ಮಂಚವನ್ನು ಇಬ್ಬರೂ ಹೆಗಲ ಮೇಲಿಟ್ಟುಕೊಂಡು ಹಿಂದೆ ನಡೆದರು. ಗಾಡಿಯವನು ಮೆಲ್ಲಗೆ ಓಡಿಸಿದ. ಬೀದಿಯಲ್ಲಿ ಮಾತು ನಿಂತಿತು. ಕೂತವರು ಎದ್ದು ನಿಂತರು. ಕ್ಷೌರದಂಗಡಿಯವನು ಗಿರಾಕಿಯನ್ನು ಅರ್ಧ ಬಿಟ್ಟು ಹೊರಬಂದು ತಲೆ ತಗ್ಗಿಸಿ, “ಒಳ್ಳೇ ಮನುಷ್ಯ. ಒಬ್ಬರಿಗೂ ಒಂದು ಮಾತು ಅಂದೋರಲ್ಲ” ಎಂದ. ಪರಿಚಯದವನಲ್ಲವೇ, ನಾನು ಕೈಯೆತ್ತಿ ಬೀಸಿದೆ. ಅವನ ಕತ್ತರಿ ಕೆಳಗೆ ಬಿತ್ತು. ಒಳಗಿದ್ದ ಗಿರಾಕಿ ಅರ್ಧ ಮೀಸೆಯಲ್ಲೇ ಓಡಿಹೋದನೆಂದು ಆಮೇಲೆ ಕೇಳಿದೆ.

ಸಭಾಭವನದೊಳಗೆ ನನ್ನನ್ನು ಇಳಿಸಿದಾಗ ಸ್ವಲ್ಪ ಗೊಂದಲವಾಯಿತು. ಎರಡು ಕೋಣೆ ಅಂದಿದ್ದರು. ಇದು ಒಂದೇ ಕೋಣೆ, ಆದರೆ ಬಹಳ ದೊಡ್ಡದು. ಇಷ್ಟೊಂದು ಕುರ್ಚಿ ಯಾಕೋ ತಿಳಿಯಲಿಲ್ಲ. ಮಗಳ ಆಸೆ ಇರಬಹುದು. ಫ್ಯಾನು ಚೆನ್ನಾಗಿತ್ತು. ಕ್ರೇನ್ ಒಲೆಯನ್ನು ವೇದಿಕೆಯ ನಡುವೆ ಇಟ್ಟ. ಕನ್ನಡಿ, ಬಕೆಟ್ಟು, ಸ್ಟೂಲು, ಪೊರಕೆ, ಗಡಿಯಾರ ಸುತ್ತಲೂ. ಪೋಡಿಯಂ ಮುಂದೆ. ನನ್ನ ಮಂಚ ಬಲಗಡೆ, ಫ್ಯಾನಿನ ಕೆಳಗೆ. ಇಟ್ಟು, ಅವರಿಬ್ಬರೂ ಟೀ ಕುಡಿಯಲು ಹೋದರು.

ಮೇಷ್ಟರುಗಳು ಬರಲು ಶುರುಮಾಡಿದರು. ಹೊಸ ನೆರೆಹೊರೆಯವರು ಮಾತಾಡಿಸಲು ಬಂದಿದ್ದಾರೆ ಎಂದುಕೊಂಡು ನೆಟ್ಟಗೆ ಕೂತೆ. ಅವರು ಮೊದಲು ಕನ್ನಡಿಯ ಮುಂದೆ ನಿಂತರು.

“ಇವಾನೆಸೆಂಟ್! ವಾ! ಏನು ಪದ!” ಅಂದರು ಒಬ್ಬ ಬೋಳುತಲೆಯ ಮೇಷ್ಟರು.

“ಅರ್ಥ ಏನು ಸಾರ್?” ಪಕ್ಕದವರು ಕೇಳಿದರು.

“ನಿಮಗೆ ಗೊತ್ತಿಲ್ವಾ?”

“ಗೊತ್ತು. ನಿಮಗೆ ಗೊತ್ತಾ ಅಂತ ಕೇಳಿದೆ.”

“ನನಗೆ ಗೊತ್ತಿಲ್ದೆ ಏನು? ನೀವು ಹೇಳಿ ನೋಡೋಣ.”

“ಹಿರಿಯರು ನೀವಿರುವಾಗ ನಾನು ಹೇಳೋದಾ?”

ಹೀಗೆ ಗೌರವ ಕೊಡುತ್ತ ಕೊಡುತ್ತ ಇಬ್ಬರೂ ಮುಂದೆ ಸರಿದರು. ಸ್ಟೂಲಿನ ಹತ್ತಿರ ಬಂದಾಗ ಬೋಳುತಲೆಯವರಿಗೆ ಧೈರ್ಯ ಬಂತು. “ಪ್ರಿಕೇರಿಯಸ್. ಇದು ಹಿರಿಯರಿಗೆ ಮೀಸಲು ಅನ್ನೋ ಅರ್ಥದಲ್ಲಿ ಬರುತ್ತೆ” ಎಂದು ಹೇಳಿ, ಕೋಟು ಸರಿಮಾಡಿಕೊಂಡು ಕೂತರು. ಸ್ಟೂಲು ಒಂದು ಕ್ಷಣ ಯೋಚಿಸಿತು. ಆಮೇಲೆ ಕಾಲು ಒಂದು ಕಡೆ, ಮೇಷ್ಟರು ಒಂದು ಕಡೆ.

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. “ಅದ್ಭುತ! ಅರ್ಥವನ್ನ ಪ್ರಯೋಗ ಮಾಡಿ ತೋರಿಸಿದ್ರು!”

ಬಿದ್ದವರು ಎದ್ದು, ನೋವು ನುಂಗಿ, ಎಲ್ಲರಿಗೂ ಬಾಗಿ ವಂದಿಸಿದರು. ಬೇರೆ ದಾರಿಯೂ ಇರಲಿಲ್ಲ.

ಆಮೇಲೆ ಎಲ್ಲರೂ ನನ್ನ ಸುತ್ತ ಸೇರಿದರು. ಸಂಘದ ಕಾರ್ಯದರ್ಶಿ ಮೇಡಂ ಕನ್ನಡಕ ಏರಿಸಿ ನನ್ನ ಜೇಬಿನ ಮೇಲಿನದನ್ನು ಓದಿ, “ತಮ್ಮ ಹೆಸರೇನು?” ಎಂದು ಕೇಳಿದರು. ಯಾರ ಮನೆಗೆ ಬಂದು ಯಾರ ಹೆಸರು ಕೇಳುವುದು? ನಾನು ಅವರನ್ನೇ ನೋಡುತ್ತ ಕೂತೆ. “ಊರು?” ಅಂದರು. ಸುಮ್ಮನಿದ್ದೆ.

ಹಿಂದಿನಿಂದ ಯಾರೋ ಜೇಬಿನ ನಿಘಂಟು ತೆಗೆದು ಕೂಗಿದರು, “ಸಿಕ್ತು! ಟ್ಯಾಸಿಟರ್ನ್, ಮಾತು ಕಡಿಮೆಯವನು!”

“ಎಂಥಾ ಉದಾಹರಣೆ ಹುಡುಕಿದ್ದಾರೆ! ನೋಡಿ, ತುಟಿ ಅಲ್ಲಾಡಿಸ್ತಾನೇ ಇಲ್ಲ!”

ಮತ್ತೆ ಚಪ್ಪಾಳೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಬಚ್ಚಲಮನೆ ಎಲ್ಲಿದೆ ಎಂದು ಕೇಳುವುದು ನನಗೆ ಬಹಳ ತುರ್ತಾಗಿತ್ತು. ಅಷ್ಟು ಹೊಗಳಿಸಿಕೊಂಡ ಮೇಲೆ ಬಾಯಿ ಬಿಡುವುದು ಹೇಗೆ?

ಆಗ ಬಂದರು ಯಜಮಾನರು, ಹಿಂದೆ ಬಾಮೈದ, ಅವನ ಹಿಂದೆ ನಮ್ಮ ಅಳಿಯಂದಿರು. ಯಜಮಾನರು ವೇದಿಕೆಯ ಕೆಳಗೇ ನಿಂತುಬಿಟ್ಟರು.

“ಏನಯ್ಯಾ ಇದು? ಆ ಒಲೆ ಯಾರದು?”

“ನಮ್ದು ಸಾರ್” ಅಂದರು ಅಳಿಯಂದಿರು. ದನಿ ಹಲ್ಲಿನಾಚೆ ಬರಲಿಲ್ಲ.

“ಬಕೆಟ್ಟು?”

“ನಮ್ದು ಸಾರ್.”

“ಆ ಮುದುಕಪ್ಪ?”

“ನಮ್ಮ ಮಾವ ಸಾರ್.”

ಬ್ರೇಕು ತಪ್ಪಿದ ಗಾಡಿಯ ಹಾಗೆ ಬಾಮೈದ ನಕ್ಕ. “ಭಾವ, ಇವರನ್ನ ನದಿಯಾಚೆ ಕಳಿಸಿ ನೋಡಿ. ಗಿರಾಕಿ ಕುರ್ಚಿ ಕೇಳಿದ್ರೆ ಅತ್ತೇನ ಕಳಿಸ್ತಾರೆ.”

ಅಷ್ಟರಲ್ಲಿ ಕಾರ್ಯದರ್ಶಿ ಮೇಡಂ ಬಂದರು. ಕುರ್ಚಿಯ ಬಾಡಿಗೆಗೆ ಎರಡು ದಿನ ಕೂತು ಚೌಕಾಸಿ ಮಾಡಿ ಯಜಮಾನರ ಬೆವರಿಳಿಸಿದ್ದವರು. “ಈ ಪದಗಳ ಅಲಂಕಾರ ತುಂಬ ಚೆನ್ನಾಗಿದೆ. ಇದನ್ನ ನಾವು ಕೇಳಿರಲಿಲ್ಲ. ಇದಕ್ಕೆ ಬೇರೆ ದುಡ್ಡು ಕೊಡಬೇಕಾ?”

ಬಾಮೈದ ಮುಂದೆ ನುಗ್ಗಿದ. “ಎಸ್ ಮೇಡಂ. ಫೈವ್ ಹಂಡ್ರೆಡ್ ಎಕ್ಸ್ಟ್ರಾ ಮೇಡಂ.”

“ಫೈವ್ ಹಂಡ್ರೆಡ್? ಒಂದು ಪೊರಕೆ, ಒಂದು ಬಕೆಟ್ಟಿಗೆ? ಐವತ್ತು ಕೊಡ್ತೀನಿ.”

“ಮೇಡಂ, ಫೋರ್ ಹಂಡ್ರೆಡ್...”

“ಅರವತ್ತು. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ.”

ಯಜಮಾನರ ಮುಖ ಇಳಿಯಿತು. ಅಳಿಯಂದಿರನ್ನು ಮುಂದಕ್ಕೆ ತಳ್ಳಿದರು. “ನೀನೇನಾದ್ರೂ ಹೇಳಯ್ಯಾ!”

ಅಳಿಯಂದಿರಿಗೆ ಹೇಳಬೇಕಿದ್ದದ್ದು ಕ್ಷಮೆ. ಆದರೆ ಕ್ಷಮೆಗೆ ಪದವೇ ನೆನಪಾಗಲಿಲ್ಲ. ವೇದಿಕೆಯ ಕಡೆ ನೋಡಿದರು. ಅಲ್ಲಿ ಪದಗಳು ಹಳದಿಯಾಗಿ ಹೊಳೆಯುತ್ತಿದ್ದವು. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಓದಿಬಿಟ್ಟರು:

“ಮೇಡಂ... ಇನ್‌ಕ್ಯಾಂಡಿಸೆಂಟ್. ಪೆಲ್ಯೂಸಿಡ್. ಮೆಟಿಕ್ಯುಲಸ್. ಅಂಡ್... ಇರ್ರಿಟ್ರೀವಬಲ್, ಮೇಡಂ.”

ಮೇಡಂ ಎಡಕ್ಕೆ ನೋಡಿದರು. ಮೇಷ್ಟರುಗಳೆಲ್ಲ ಗೊತ್ತಾದವರ ಹಾಗೆ ತಲೆದೂಗುತ್ತಿದ್ದರು. ಬಲಕ್ಕೆ ನೋಡಿದರು, ಅಲ್ಲಿಯೂ ತಲೆದೂಗು. ತಾವೊಬ್ಬರೇ ‘ಹಾಗೆಂದರೇನು’ ಎಂದು ಹೇಗೆ ಕೇಳುವುದು, ಅದೂ ಕಾರ್ಯದರ್ಶಿಯಾಗಿ?

“ಆಫ್ ಕೋರ್ಸ್” ಅಂದರು ಮೇಡಂ. “ಆಫ್ ಕೋರ್ಸ್, ಆಫ್ ಕೋರ್ಸ್.” ಪರ್ಸು ತೆರೆದು ಐನೂರನ್ನು ಯಜಮಾನರ ಕೈಗಿಟ್ಟು, ಅಳಿಯಂದಿರಿಗೆ ನಮಸ್ಕಾರ ಮಾಡಿ ಹೋದರು.

ಯಜಮಾನರು ಕೈಯೊಳಗಿನ ನೋಟನ್ನು ನೋಡುತ್ತಿರುವಾಗಲೇ ಬಾಗಿಲಲ್ಲಿ ನನ್ನ ಮಗಳ ದನಿ ಕೇಳಿತು. ಅಳಿಯಂದಿರು ಆ ಚೀಟಿಯನ್ನು ಅವಳ ಬೆನ್ನಿಗೆ ಹಚ್ಚಹೋದದ್ದು ಪೂರ್ತಿ ತಪ್ಪಲ್ಲ ಎಂದು ಆಗ ಅನಿಸಿತು. ಮಂಚ ಹೋದ ದಾರಿಯನ್ನು ಬೀದಿಯವರ ಬಾಯಲ್ಲಿ ಕೇಳಿಕೊಂಡು ಅವಳ ಜೊತೆ ಓಡಿಬಂದಿದ್ದ ಎದುರುಮನೆಯ ಅಕ್ಕ ಪಕ್ಕದಲ್ಲಿ ಏದುತ್ತಿದ್ದಳು.

“ರೀ! ಮನೆ ತುಂಬ ಹಿಟ್ಟಿನ ಮೂಟೆ! ಗಿರಣಿಯವರು ಬೀಗ ಹಾಕ್ಕೊಂಡಿದ್ದಾರೆ! ಒಲೆ ಇಲ್ಲ, ಹಾಸಿಗೆ ಇಲ್ಲ, ಅಪ್ಪ ಇಲ್ಲ!”

“ಇದ್ದೀನಮ್ಮ” ಅಂದೆ.

ಮೇಷ್ಟರುಗಳು ನಿರಾಸೆಯಿಂದ ನನ್ನ ಕಡೆ ನೋಡಿದರು.

ಅವಳು ವೇದಿಕೆ ಹತ್ತಿ ನನ್ನ ಮಂಚದ ಮೇಲೆ ಕೂತು ಯಜಮಾನರಿಗೇ ಹೇಳಿದಳು. “ಸಾರ್, ಬೇಜಾರು ಮಾಡ್ಕೋಬೇಡಿ. ನಮಗೆ ಈಗ ಮನೆ ಇಲ್ಲ. ನದಿಯಾಚೆ ಎರಡು ಕೋಣೆ ಇವರಿಗಾ, ನಿಮ್ಮ ಬಾಮೈದನಿಗಾ? ಇಲ್ಲೇ ಹೇಳ್ಬಿಡಿ. ಹೇಳೋವರೆಗೆ ಈ ಮಂಚ ಬಿಟ್ಟು ಏಳಲ್ಲ. ಒಲೆ ಹೇಗೂ ಇಲ್ಲೇ ಇದೆ, ಹಚ್ತೀನಿ.”

ಅಳಿಯಂದಿರು ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ದಪ್ಪದ ಪುಸ್ತಕದ ಒಂದು ಪದವೂ ಅವರ ಮುಖದಲ್ಲಿ ಕಾಣಲಿಲ್ಲ.

ಯಜಮಾನರು ಬಾಮೈದನ ಹೆಗಲ ಮೇಲೆ ಕೈಯಿಟ್ಟರು. “ಮಗಾ, ನಿನ್ನ ಇಂಗ್ಲಿಷು ಒಳ್ಳೇದೇ. ಆದ್ರೆ ಜನಕ್ಕೆ ಅರ್ಥ ಆಗ್ಬಿಡುತ್ತೆ. ಅರ್ಥ ಆದ್ರೆ ಚೌಕಾಸಿ ಮಾಡ್ತಾರೆ. ಇವನದು ನೋಡು, ನನಗೆ ಅರ್ಥ ಆಗಲ್ಲ, ಅವರಿಗೂ ಅರ್ಥ ಆಗಲ್ಲ, ದೇವರಾಣೆಗೂ ಇವನಿಗೂ ಅರ್ಥ ಆಗಿಲ್ಲ. ವ್ಯಾಪಾರ ಅಂದ್ರೆ ಹೀಗಿರಬೇಕು. ಇವನೇ ನದಿಯಾಚೆ ಹೋಗಲಿ.”

“ಭಾವ! ಮನೇಲಿ ಅಕ್ಕನಿಗೆ ಏನು ಹೇಳ್ತೀರಿ?”

ಯಜಮಾನರು ನೋಟು ಮಡಿಸಿ ಜೇಬಿಗಿಟ್ಟರು. “ಅದನ್ನೂ ಇವನ ಕೈಲೇ ಹೇಳಿಸ್ತೀನಿ.”

ಹೊಸ ಮನೆಗೆ ಸುಣ್ಣ ಹೊಡೆದು ಒಣಗುವವರೆಗೆ ನಮಗೆ ಇರಲು ಜಾಗವಿರಲಿಲ್ಲ. ಗಿರಣಿಯವರು ಮೂಟೆ ಇಳಿಸಲು ಒಪ್ಪಲಿಲ್ಲ. ಎದುರುಮನೆಯ ಅಕ್ಕನೇ ತನ್ನ ಒಂದು ಕೋಣೆಯಲ್ಲಿ ನಮ್ಮ ಮೂವರನ್ನೂ ಇಟ್ಟುಕೊಂಡಳು. “ನಾನೇ ಹೋಗಿ ಬಾಯಿ ಬಿಟ್ಟಿದ್ದು, ನಾನೇ ಅನುಭವಿಸ್ತೀನಿ” ಅಂದಳು. ಒಂದೇ ಒಂದು ನಿಬಂಧನೆ ಹಾಕಿದಳು: ಅವಳ ಮನೆಯೊಳಗೆ ಇಂಗ್ಲಿಷು ಕೂಡದು. ಅಳಿಯಂದಿರು ಪದ ಬಂದಾಗಲೆಲ್ಲ ಮೆಟ್ಟಿಲಿಳಿದು ಬೀದಿಗೆ ಹೋಗಿ ಹೇಳಿಬರುತ್ತಿದ್ದರು. ಬೀದಿಯ ನಾಯಿಗಳು ಕೊನೆಗೆ ಅವರಿಗೆ ಹೊಂದಿಕೊಂಡವು.

ಹೊರಡುವ ಬೆಳಿಗ್ಗೆ ಕ್ರೇನ್ ದೊಡ್ಡ ಗಾಡಿಯನ್ನೇ ತಂದಿದ್ದ. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ನಿಂತಿದ್ದಳು. ಮಗಳು ಅವಳ ಕೈ ಹಿಡಿದುಕೊಂಡಳು.

“ಆಯ್ತು ಹೋಗ್ರಮ್ಮ, ಬಿಸಿಲಾಗುತ್ತೆ” ಎಂದಳು ಅಕ್ಕ. ಆಮೇಲೆ ಅಳಿಯಂದಿರ ಕಡೆ ತಿರುಗಿ, “ಏನು ಡಿಕ್ಷನರಿ, ಈಗ ಹೊರಗಡೆ ಇದ್ದೀರಿ. ಇವತ್ತೊಂದು ದಿನ ಹೇಳಿ. ಬೈಗುಳ ಆದ್ರೂ ಪರವಾಗಿಲ್ಲ.”

ಅಳಿಯಂದಿರು ಗಂಟಲು ಸರಿಮಾಡಿಕೊಂಡರು. ಚಾವಣಿಯಿರಲಿಲ್ಲ, ಆಕಾಶ ನೋಡಿದರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ದಿಂಬಿನಷ್ಟು ಪುಸ್ತಕವನ್ನು ಒಳಗೊಳಗೇ ಮಗುಚಿಹಾಕುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಹೋಗುವವನು ಹೇಳಬೇಕಾದ ಪದ ಅದರಲ್ಲಿ ಇರಲಿಲ್ಲವೋ, ಇಲಿ ತಿಂದ ಭಾಗದಲ್ಲಿತ್ತೋ.

“ಬರ್ತೀವಿ ಅಕ್ಕ” ಅಂದರು.

ಅಕ್ಕ ಕಣ್ಣೊರೆಸಿಕೊಂಡಳು. “ಅಂತೂ ಇಷ್ಟು ದಿನಕ್ಕೆ ನಿಮ್ಮದೊಂದು ಮಾತು ಅರ್ಥ ಆಯ್ತು.”

ಮಗಳು, ಅಳಿಯಂದಿರು, ನಾನು, ಮೂವರೂ ಹೊರಟೆವು.